ಖಾಲಿ ನಾಲ್ಕು ವರ್ಷಕ್ಕೆ ಪುರಾವೆ

ಗಂಡು ಹೆಣ್ಣು ಜೋಡಿಸುವ ಕೆಲಸವನ್ನು ನಾನು ತೆಲುಗು ನಾಡಿನ ಈ ದಿಲ್‌ಸುಖ್‌ನಗರದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಾಡಿದ್ದೇನೆ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟವರು, ಕಾರ್ಖಾನೆಯಲ್ಲಿ ನೌಕರಿ ಹಿಡಿದವರು, ಮಕ್ಕಳು ಮದುವೆಗೆ ಬಂದಾಗ ನನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ. ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಬಯೋಡಾಟಾ ಎಂಬ ಕಾಗದವನ್ನು ನನ್ನಷ್ಟು ಓದಿದವರು ಈ ಊರಿನಲ್ಲಿ ಕಡಿಮೆ. ಮೊದಲು ವಯಸ್ಸು ನೋಡುತ್ತೇನೆ, ಆಮೇಲೆ ಓದು, ಆಮೇಲೆ ಓದು ಮುಗಿದ ವರ್ಷಕ್ಕೂ ಇವತ್ತಿಗೂ ನಡುವೆ ಎಷ್ಟು ಖಾಲಿ ಬಿದ್ದಿದೆ ಎಂಬುದನ್ನು. ಫೋಟೋ ಕೊನೆಗೆ. ಫೋಟೋದಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ.

ಆ ಖಾಲಿ ಜಾಗವೇ ದೊಡ್ಡ ರೋಗ. ಬಿ.ಕಾಂ. ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತ ಹುಡುಗಿ ಎಂದರೆ ಗಂಡಿನ ತಾಯಿಗೆ ಎರಡೇ ಅನುಮಾನ: ಏನು ಕಾಯಿಲೆ, ಇಲ್ಲವೇ ಯಾವ ಹುಡುಗ. ಅದಕ್ಕೇ ನನ್ನ ಕೈಗೆ ಬಂದ ಯಾರ ವರ್ಷವನ್ನೂ ನಾನು ಖಾಲಿ ಬಿಟ್ಟವಳಲ್ಲ. ಟೇಲರಿಂಗ್ ಕ್ಲಾಸು, ಕಂಪ್ಯೂಟರ್ ಕ್ಲಾಸು, ಅಪ್ಪನ ಅಂಗಡಿಗೆ ನೆರವು, ಏನಾದರೊಂದು ಬರೆಸುತ್ತೇನೆ. ಬೀಗರು ಬಂದಾಗ ಹರಿದ ಹಾಸಿಗೆಯ ಮೇಲೆ ಒಳ್ಳೆಯ ಚಾದರ ಹೊದಿಸುವುದಿಲ್ಲವೇ, ಇದೂ ಹಾಗೆಯೇ ಎಂದುಕೊಂಡಿದ್ದೆ. ಯಾರ ಮದುವೆಯೂ ಇದರಿಂದ ಮುರಿದಿಲ್ಲ. ಮುರಿದವು ಬೇರೆ ಕಾರಣಕ್ಕೆ ಮುರಿದವು.

ನನ್ನ ತಂಗಿಯ ಮಗಳು ಇದೇ ಊರಿನಲ್ಲಿದ್ದಾಳೆ. ಜೋಳದ ತೆನೆಗೆ ಹಿಡಿಯುವ ಬೂಷ್ಟಿನ ಮೇಲೆ ಡಾಕ್ಟರೇಟ್ ಮಾಡಿದವಳು. ಜೋಳಕ್ಕೆ ಬೂಷ್ಟು ಹಿಡಿದರೆ ಕೋಳಿಗೆ ಹಾಕುವುದು ನಮಗೆ ಗೊತ್ತು. ಅದರ ಮೇಲೆ ಆರು ವರ್ಷ ಕೂತು ದಪ್ಪ ಪುಸ್ತಕ ಬರೆಯಬಹುದು ಎಂಬುದು ಅವಳಿಂದ ಗೊತ್ತಾಯಿತು. ಪುಸ್ತಕ ಮುಗಿದ ತಿಂಗಳೇ ಅವಳ ಅತ್ತೆಗೆ ಲಕ್ವ ಹೊಡೆಯಿತು. ಗಂಡನಿಗೆ ಶಿಫ್ಟಿನ ಕೆಲಸ. ಮನೆಯಲ್ಲಿ ಇರಬೇಕಾದವರು ಯಾರು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅವಳು ನಾಲ್ಕು ವರ್ಷ ಅತ್ತೆಯ ಮಂಚದ ಪಕ್ಕ ಕೂತಳು. ಅತ್ತೆ ತೀರಿಕೊಂಡ ಮೇಲೆ ಎದ್ದು, ಮತ್ತೆ ಸಂಶೋಧನೆಗೆ ಹೋಗುತ್ತೇನೆ ಎಂದಳು. ಆಗ ಅವಳಿಗೆ ಮೂವತ್ತೊಂಬತ್ತು.

ಅವಳ ಮನೆಯಲ್ಲಿ ಶಿಫ್ಟು ಮುಗಿಸಿ ಬಂದ ಗಂಡ ಹಗಲು ಮಲಗುತ್ತಿದ್ದ. ಅದಕ್ಕೆ ಮಗು ಶಾಲೆಗೆ ಹೋದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮನೆಗೆ ಬರುತ್ತಿದ್ದಳು. ಒಂದು ಕಡೆ ನಾನು ಬಯೋಡಾಟಾ ಹರಡಿಕೊಂಡು ಕೂರುತ್ತಿದ್ದೆ, ಇನ್ನೊಂದು ಕಡೆ ಅವಳು. ಏನು ಹುಡುಕುತ್ತಿದ್ದೀ ಎಂದು ಕೇಳಿದರೆ ತಿಳಿಸಿ ಹೇಳಿದಳು. ಡಾಕ್ಟರೇಟ್ ಮುಗಿದರೂ ನೌಕರಿ ಇಲ್ಲವಂತೆ. ದೊಡ್ಡ ವಿಜ್ಞಾನಿ ಒಬ್ಬರ ಕೈಕೆಳಗೆ ಇನ್ನೂ ಎರಡು ಮೂರು ವರ್ಷ ದುಡಿಯಬೇಕು, ಅದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ. ಅಲ್ಲಿ ಸಿಗುವುದು ಸಂಬಳವಲ್ಲ, ಫೆಲೋಶಿಪ್. ಅದನ್ನು ಕೊಡುವವರು ಬೇರೆ, ಕೂರಲು ಜಾಗ ಕೊಡುವವರು ಬೇರೆ. ಕೊಡುವವರೆಲ್ಲ ತಮ್ಮ ತಮ್ಮ ಷರತ್ತು ಬರೆದು ಹಾಕಿರುತ್ತಾರೆ. ಹುಡುಕಿ, ಓದಿ, ಹೊಂದುವುದಕ್ಕೆ ಅರ್ಜಿ ಹಾಕಬೇಕು.

"ಇದಕ್ಕ ಮೂವತ್ತೈದರ ಒಳಗ ಇರಬೇಕಂತ, ದೊಡ್ಡವ್ವಾ."

"ಅದರ ಕೆಳಗಿಂದು?"

"ಅದಕ್ಕೂ."

"ಮತ್ತ ಇದು? ಚಂದ ಬಣ್ಣ ಹಾಕ್ಯಾರಲ್ಲ."

"ಅದು ಡಾಕ್ಟರೇಟ್ ಮುಗದು ಎರಡು ವರ್ಷ ಆಗಿರಬಾರದು."

"ಗಂಡಿನ ಕಡ್ಯಾವ್ರು ಭಾಳ ಬಿಗಿ ಅದಾರ ಬಿಡು," ಎಂದೆ.

ಅವಳು ನಗಲಿಲ್ಲ. ಆದರೆ ನನಗೆ ಆವತ್ತೇ ಗೊತ್ತಾಯಿತು, ಇದು ನನ್ನದೇ ಕಸುಬು ಎಂದು. ವಯಸ್ಸು, ಓದು, ಫೋಟೋ, ಗುಣ ಬಲ್ಲ ಇಬ್ಬರ ಮಾತು, ಎಲ್ಲವೂ ಅದೇ. ಸಿಕ್ಕಿಕೊಳ್ಳುವ ಜಾಗವೂ ಅದೇ. ಅವಳು ವಿಜ್ಞಾನಿಗಳಿಗೆ ಬರೆದರೆ, ನಿನ್ನ ಫೆಲೋಶಿಪ್ ನೀನು ತಾ, ಜಾಗ ಕೊಡುತ್ತೇನೆ ಎನ್ನುತ್ತಿದ್ದರು. ಫೆಲೋಶಿಪ್ಪಿನವರಿಗೆ ಬರೆದರೆ, ಜಾಗ ಕೊಡುವವರ ಪತ್ರ ತಾ, ಆಮೇಲೆ ನೋಡೋಣ ಎನ್ನುತ್ತಿದ್ದರು. ನೌಕರಿ ಸಿಕ್ಕರೆ ಹೆಣ್ಣು ಕೊಡುತ್ತೇವೆ ಎನ್ನುವ ಮಾವ, ಮದುವೆಯಾದವನಿಗೇ ನೌಕರಿ ಎನ್ನುವ ಸಾಹುಕಾರ, ಇಬ್ಬರ ನಡುವೆ ಓಡಾಡಿದ ಹುಡುಗರನ್ನು ನಾನು ಕಂಡಿದ್ದೇನೆ. ಅವರ ತಲೆಕೂದಲು ಬೇಗ ಉದುರುತ್ತದೆ.

ಹಣ ಸಿಗದಿದ್ದರೆ ತರಬೇತಿಯಾದರೂ ಸಿಗಲಿ ಎಂದು ಅದನ್ನೂ ಹುಡುಕಿದಳು. ನಾಲ್ಕು ವರ್ಷದಲ್ಲಿ ಬೂಷ್ಟು ಪರೀಕ್ಷೆ ಮಾಡುವ ಯಂತ್ರಗಳೆಲ್ಲ ಬದಲಾಗಿದ್ದವಂತೆ. ಎರಡು ವಾರದ ತರಬೇತಿಗಳು ಈ ಊರಿನಲ್ಲೇ ಇದ್ದವು. ಆದರೆ ಅವು ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ, ಇಲ್ಲವೇ ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವವರಿಗೆ. ಅಂದರೆ ಯಂತ್ರದ ಪಕ್ಕದಲ್ಲೇ ಇರುವವರಿಗೆ ಯಂತ್ರ ಕಲಿಸುತ್ತಾರೆ. ಇನ್ನೊಂದು ತರಬೇತಿ ಇತ್ತು, ಫೆಲೋಶಿಪ್ಪಿಗೆ ಅರ್ಜಿ ಬರೆಯುವುದು ಹೇಗೆ ಎಂದು ಕಲಿಸುವುದು. ಅದಕ್ಕೆ ಸೇರಲು ಐದು ಪುಟದ ಅರ್ಜಿ. ನಾಲ್ಕು ದಿನ ಕೂತು ಬರೆದಳು. ನಿಮ್ಮ ಅರ್ಜಿಯ ಗುಣಮಟ್ಟ ಸಾಲದು ಎಂದು ಉತ್ತರ ಬಂತು.

"ಅದು ಬರೋಹಂಗಿದ್ರ ನಾ ಅಲ್ಲಿಗೆ ಯಾಕ ಹೋಗ್ತಿದ್ದೆ?" ಎಂದು ಅವಳು ಲ್ಯಾಪ್‌ಟಾಪಿಗೇ ಕೇಳಿದಳು.

ಅಮೀರ್‌ಪೇಟಿನಲ್ಲಿ ಇದನ್ನೂ ಕಲಿಸುವವನೊಬ್ಬ ಇದ್ದಾನೆ ಎಂದು ಯಾರೋ ಹೇಳಿದರು. ಮೆಟ್ರೋದಲ್ಲಿ ಇಬ್ಬರೂ ಹೋದೆವು. ಆ ಬೀದಿಯಲ್ಲಿ ಗೋಡೆ ಕಾಣುವುದಿಲ್ಲ, ಬರೀ ಬೋರ್ಡು. ಕಂಪ್ಯೂಟರ್ ಕಲಿಸುವ ಬೋರ್ಡುಗಳ ನಡುವೆ ಮೂರನೇ ಮಹಡಿಯಲ್ಲಿ ಅವನ ಕೋಣೆ. ಟೈ ಕಟ್ಟಿದ್ದ. ಅವಳ ಕಾಗದ ನೋಡಿ ಖಾಲಿ ನಾಲ್ಕು ವರ್ಷದ ಮೇಲೆ ಪೆನ್ನು ಬಡಿದ.

"ಗ್ಯಾಪ್ ಕೋ ಸ್ಟ್ರೆಂಗ್ತ್ ಬನಾನಾ ಪಡ್ತಾ ಮೇಡಂ," ಎಂದ. ಖಾಲಿ ಜಾಗವನ್ನೇ ಬಲ ಮಾಡಿ ತೋರಿಸಬೇಕು, ಅತ್ತೆಯ ಚಾಕರಿಯಿಂದ ತಾಳ್ಮೆ ಕಲಿತೆ, ನಾಯಕತ್ವ ಕಲಿತೆ, ಸಮಯ ಹೊಂದಿಸುವುದು ಕಲಿತೆ ಎಂದು ಬರೆಯಬೇಕಂತೆ.

ಕೆಳಗಿಳಿಯುವಾಗ ನಾನು ಹೇಳಿದೆ: "ಇವ ಕಚ್ಚಾ ದಲ್ಲಾಳಿ. ಇಲ್ಲದ್ದು ತೋರಸಾಕ ಹೋಗ್ತಾನ. ಇದ್ದದ್ದು ಮುಚ್ಚಬೇಕು, ಅದು ಕೆಲಸ."

"ಹೆಂಗ ಮುಚ್ತಿ?"

"ನೋಡ್ತಿರು."

ನಮ್ಮ ಓಣಿಯಿಂದ ಎರಡು ಓಣಿ ಆಚೆ ಡಾಕ್ಟರ್ ಓದಿಗೆ ಪರೀಕ್ಷೆ ಬರೆಯುವ ಮಕ್ಕಳಿಗೆ ಕೋಚಿಂಗ್ ನಡೆಸುವವನೊಬ್ಬ ಇದ್ದಾನೆ. ಬೀದರ ಕಡೆಯವನು. ಅವನಿಗೆ ಹೆಣ್ಣು ಹುಡುಕಿಕೊಟ್ಟವಳು ನಾನೇ. ಅವನ ಬಯೋಡಾಟಾದಲ್ಲಿ ಎಷ್ಟು ಚಾದರ ಹೊದಿಸಿದ್ದೆ ಎಂಬುದು ಅವನಿಗೂ ನನಗೂ ಗೊತ್ತು. ಹೋಗಿ ಕೂತು, ನನ್ನ ತಂಗಿಯ ಮಗಳು ನಿನ್ನಲ್ಲಿ ನಾಲ್ಕು ವರ್ಷ ಜೀವಶಾಸ್ತ್ರ ಕಲಿಸಿದಳು ಎಂದು ಬರೆದುಕೊಡು ಎಂದೆ. ಚಹಾ ಬರುವುದರೊಳಗೆ ಟೈಪು ಮಾಡಿಸಿ ರಬ್ಬರ್ ಸ್ಟ್ಯಾಂಪು ಒತ್ತಿದ.

"ಭಾಳ ಚಲೋ ಕಲಿಸಿದ್ಲು ಅಂತಾನೂ ಹಾಕಲೇನ್ರಿ?"

"ಹಾಕು. ಬಿಟ್ಟು ಹೋದಾಗ ಹುಡುಗರು ಅತ್ವು ಅಂತ ಮಾತ್ರ ಬರೀಬ್ಯಾಡ."

ತಂಗಿಯ ಮಗಳು ಕಾಗದ ನೋಡಿ ಮುಖ ಸಿಂಡರಿಸಿದಳು. "ನಾ ಒಂದು ದಿನಾನೂ ಅಲ್ಲಿಗೆ ಹೋಗಿಲ್ಲ ದೊಡ್ಡವ್ವಾ. ಅಲ್ಲಿ ಹಲಗಿ ಯಾವ ಗ್ವಾಡಿಗೆ ಐತಿ ಅನ್ನೋದು ಸೈತ ನಂಗ ಗೊತ್ತಿಲ್ಲ."

"ಹೋಗಿಲ್ಲ ಅನ್ನೋದನ್ನ ಯಾರು ನೋಡ್ಯಾರ?"

ಎರಡು ದಿನ ಬೇಡ ಬೇಡ ಎಂದಳು. ನಾನು ಹೊತ್ತು ಹೊತ್ತಿಗೂ ಅದನ್ನೇ ಹೇಳಿದೆ. ಮೂರನೇ ದಿನ ಸೇರಿಸಿದಳು. ನಮ್ಮ ಮನೆತನದ ಹೆಣ್ಣುಮಕ್ಕಳು ಹಿರಿಯರು ಎರಡು ದಿನ ಒತ್ತಿದರೆ ಮೂರನೇ ದಿನ ಒಪ್ಪುತ್ತಾರೆ. ಅತ್ತೆಯ ಮಂಚದ ಪಕ್ಕ ಕೂತದ್ದೂ ಹಾಗೆಯೇ ಇರಬೇಕು.

ಆ ಕಾಗದದ ಜೊತೆ ಎಷ್ಟೋ ಕಡೆ ಬರೆದಳು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಊರ ಹೊರಗಿನ ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿ ಮಾತ್ರ ಕೊಟ್ಟರು. ತೆಲುಗಿನ ಹೆಂಗಸು. ನಿನ್ನ ಬೂಷ್ಟಿನ ಕೆಲಸ ನನಗೆ ಬೇಕು, ಕೊಡಲು ನನ್ನ ಹತ್ತಿರ ಹಣವಿಲ್ಲ, ಯಾವುದಾದರೂ ಯೋಜನೆ ಸಿಕ್ಕರೆ ಜಾಗ ಕೊಡುವ ಪತ್ರ ಬರೆಯುತ್ತೇನೆ, ನಿನ್ನ ಕಾಗದಗಳನ್ನು ಫೈಲಿನಲ್ಲಿ ಇಟ್ಟಿದ್ದೇನೆ ಎಂದರು. ಒಂದು ಕಡೆಯವರು ಒಪ್ಪಿದಂತಾಯಿತು. ನಾನು ಸಕ್ಕರೆ ಹಂಚಿದೆ.

ಆಮೇಲೆ ಒಂದು ಮಧ್ಯಾಹ್ನ ಸಿಕಂದರಾಬಾದಿನಿಂದ ಅವಳ ಹಳೆಯ ಗುರುಗಳ ಫೋನು ಬಂತು. ನಿವೃತ್ತರಾದವರು, ಕಿವಿ ಮಂದ, ಅವರು ಮಾತಾಡಿದರೆ ಫೋನು ದೂರ ಹಿಡಿಯಬೇಕು. ಹಾಗಾಗಿ ನನಗೂ ಕೇಳಿಸಿತು.

"ಏನವ್ವಾ, ನಿನ್ನ ಸಲುವಾಗಿ ಅಳತಿ ತಗೊಂಡು ಹೊಲದಂಗ ಐತಿ ಈ ಸ್ಕೀಮು! ನೋಡು ಲಗೂನ, ಹದಿನೈದು ದಿನಾನೇ ಉಳದಾವು."

ಅವಳು ತೆರೆದು ಓದುತ್ತಾ ಹೋದಳು. ಡಾಕ್ಟರೇಟ್ ಆದ ಹೆಂಗಸರಿಗೆ. ವಯಸ್ಸು ನಲವತ್ತರೊಳಗೆ, ಅವಳಿಗೆ ನಲವತ್ತು ತುಂಬಲು ಮೂರು ತಿಂಗಳಿತ್ತು. ಮೂರು ವರ್ಷ ಫೆಲೋಶಿಪ್, ಅದರಲ್ಲಿ ಮೊದಲ ಆರು ತಿಂಗಳು ಹೊಸ ಯಂತ್ರಗಳ ತರಬೇತಿ. ಪ್ರತಿ ಸಾಲಿಗೂ ಅವಳ ಧ್ವನಿ ಏರುತ್ತಿತ್ತು. ಒಂದು ಸಾಲಿಗೆ ಬಂದು ನಿಂತಳು. ಮನೆಯ ಹೊಣೆಯಿಂದಾಗಿ ಕಡಿಮೆ ಎಂದರೆ ಎರಡು ವರ್ಷ ಯಾವ ಕೆಲಸದಲ್ಲೂ ಇರದವರಿಗೆ ಮಾತ್ರ. ಅದಕ್ಕೆ ಪುರಾವೆ ಕೊಡಬೇಕು. ಆ ಅವಧಿಯಲ್ಲಿ ಎಲ್ಲಿಯಾದರೂ ನೌಕರಿ ಮಾಡಿದ್ದರೆ ಅರ್ಜಿ ತಿರಸ್ಕೃತ.

ನಾನು ಮೂವತ್ತು ವರ್ಷ ಯಾವುದನ್ನು ಮುಚ್ಚುತ್ತಾ ಬಂದಿದ್ದೆನೋ ಅದನ್ನೇ ಇವರು ಕೇಳುತ್ತಿದ್ದರು. ಬೇರೆ ಯಾವ ಮನೆಯೂ ಕೇಳದ ವಸ್ತು. ನಮ್ಮ ಹುಡುಗಿಯ ಹತ್ತಿರ ಅದು ನಾಲ್ಕು ವರ್ಷದಷ್ಟಿತ್ತು, ನಾನು ಸ್ಟ್ಯಾಂಪು ಒತ್ತಿಸಿ ಅಳಿಸಿದ್ದೆ.

ಅವಳು ನನ್ನ ಮುಖ ನೋಡಿದಳು.

"ಆ ಕಾಗದ ತಗದು ಒಗಿ," ಎಂದೆ.

"ಎಲ್ಲಿಂದ ತಗೀಲಿ? ಅವ್ರ ಫೈಲಿನ್ಯಾಗ ಐತಿ. ಅವ್ರ ಫೈಲು ನೋಡೇ ಪತ್ರ ಬರೀಬೇಕು."

ಮೊದಲು ನೋಟರಿಯ ಹತ್ತಿರ ಹೋದೆವು. ಏನೂ ಕೆಲಸ ಮಾಡಿಲ್ಲ ಎಂದು ಪ್ರಮಾಣ ಮಾಡಿಸಬೇಕು ಎಂದೆ. ಅವನು ಟೈಪಿಸ್ಟ್ ಕಡೆ ತಿರುಗಿ ತೆಲುಗಿನಲ್ಲಿ ಏನೋ ಅಂದು ನಕ್ಕ. ತಾವು ಮಾಡಿದ ಕೆಲಸಕ್ಕೆ, ಇದ್ದ ಆಸ್ತಿಗೆ ಪ್ರಮಾಣ ಮಾಡುವವರನ್ನು ನೋಡಿದ್ದೇನೆ, ಏನೂ ಮಾಡಿಲ್ಲ ಎಂದು ಮಾಡುವವರು ನೀವೇ ಮೊದಲು ಎಂದ. ಬೇರೆ ಕಾಗದವೊಂದು ಇದಕ್ಕೆ ವಿರುದ್ಧವಾಗಿದೆ ಎಂದು ಹುಡುಗಿ ಬಾಯಿಬಿಟ್ಟಳು. ಅವನ ನಗು ನಿಂತಿತು. ಹಾಗಿದ್ದರೆ ಮೊದಲು ಅದನ್ನು ಕೊಟ್ಟವನಿಂದ ವಾಪಸು ಬರೆಸಿಕೊಂಡು ಬನ್ನಿ ಎಂದು ಕಾಗದ ನಮ್ಮ ಕಡೆಗೆ ತಳ್ಳಿದ.

ಕೋಚಿಂಗಿನವನ ಹತ್ತಿರ ನಾನೊಬ್ಬಳೇ ಹೋದೆ. ಅವನ ಬಾಗಿಲಿಗೆ ಬರುವ ಮೊದಲೇ ನಿಂತೆ. ಎದುರಿನ ಗೋಡೆಗೆ ಎರಡಾಳೆತ್ತರದ ಫ್ಲೆಕ್ಸು. ಅದರಲ್ಲಿ ನನ್ನ ತಂಗಿಯ ಮಗಳ ಮುಖ. ನಾನೇ ಪ್ರಮಾಣಪತ್ರಕ್ಕೆಂದು ಕೊಟ್ಟಿದ್ದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, ನಮ್ಮಲ್ಲಿ ಡಾಕ್ಟರೇಟ್ ಪಡೆದವರೇ ಕಲಿಸುತ್ತಾರೆ.

"ಇದೇನೋ ಇದು?"

"ಅಡ್ಮಿಶನ್ ಸೀಜನ್ ಅಲ್ರೀ ಅಕ್ಕಾ," ಎಂದ. ಅವನಿಗೆ ನಾಚಿಕೆ ಏನೂ ಇರಲಿಲ್ಲ. "ಕಾಗದದಾಗ ನಮ್ಮವ್ರೇ ಅಂತ ಬರದ ಮ್ಯಾಲೆ ಗ್ವಾಡಿಗೂ ನಮ್ಮವ್ರೇ. ಭಾಳ ಮಂದಿ ಕೇಳಾಕತ್ತಾರ, ಆ ಮೇಡಂ ಕ್ಲಾಸು ಯಾವಾಗ ಅಂತ."

"ಆಕಿ ನಿನ್ನ ಕಡೆ ಕಲಿಸಿಲ್ಲ ಅಂತ ಬರದು ಕೊಡು ಈಗ."

"ಹಿಂಗ ಬರದ್ರ ನಾ ಸುಳ್ಳ ಸರ್ಟಿಫಿಕೇಟ್ ಕೊಡಾಂವ ಅಂತ ಆಗ್ತದ. ನನ್ನ ದುಕಾನ ಬಂದ್ ಮಾಡ್ಸಬೇಕಂತ ಮಾಡೀರೇನು?"

"ಸುಳ್ಳ ಕೊಟ್ಟಿದ್ದಿ ಖರೆ ಅಲ್ಲೇನು?"

"ಬೇಡಿದವ್ರು ನೀವು. ನಾ ಒಲ್ಲೆ ಅನ್ನಲಿಲ್ಲ, ಅಷ್ಟೇ ನನ್ನ ತಪ್ಪು." ಇನ್ನೂ ಒಂದು ಮಾತು ಹೇಳಿದ: "ಅದರ ಬದ್ಲು ಆಕಿನ್ನ ನಾಳಿಂದ ಕ್ಲಾಸಿಗೆ ಕಳಿಸ್ರಿ. ಎಲ್ಲಾ ಖರೇನ ಆಗ್ತದ."

ಬೈದು ಬಂದೆ. ಬೈಗುಳ ಇಲ್ಲಿ ಬರೆಯುವುದಿಲ್ಲ. ಅವನ ಮದುವೆ ಮಾಡಿಸಿದ್ದಕ್ಕೆ ಅವನ ಹೆಂಡತಿಯ ಕ್ಷಮೆ ಕೇಳಬೇಕು ಎನಿಸಿತು, ಆದರೆ ಅವಳು ಅವನನ್ನು ಚೆನ್ನಾಗಿಯೇ ಆಳುತ್ತಿದ್ದಾಳೆ.

ಮನೆಗೆ ಬಂದು ಫ್ಲೆಕ್ಸಿನ ಮಾತು ಹೇಳಿದಾಗ ತಂಗಿಯ ಮಗಳು ಮೊದಲ ಸಲ ನನ್ನ ಮೇಲೆ ಕೂಗಿದಳು.

"ನಾಲ್ಕು ವರ್ಷ ನಾ ಹೇಲು ಉಚ್ಚಿ ಬಳದೀನಿ ದೊಡ್ಡವ್ವಾ. ಅದು ನಾಚಿಕಿ ಕೆಲಸ ಅಂತ ನಂಗ ಒಮ್ಮಿನೂ ಅನಿಸಿರಲಿಲ್ಲ. ನೀ ಅದನ್ನ ಮುಚ್ಚಿದಿ, ಆವತ್ತಿಂದ ಅನಿಸಾಕತ್ತೈತಿ."

"ನೀನೂ ಹೂಂ ಅಂದಿ," ಎಂದೆ. ಅದೂ ಹೇಳಬಾರದ ಮಾತೇ. ಹೇಳಿದೆ.

"ಹೌದು. ಅಂದೆ. ಇನ್ನ ಅನ್ನಂಗಿಲ್ಲ. ನಾಳೆ ನಾ ಆ ಮೇಡಂ ಕಡೆ ಹೋಗಿ ಇದ್ದದ್ದು ಹೇಳ್ತೀನಿ. ಹೊರಗ ಹಾಕಿದ್ರ ಹಾಕ್ಲಿ."

"ನಾನೂ ಬರ್ತೀನಿ."

"ನೀ ಬಂದು ಏನ್ ಮಾಡ್ತಿ? ಇನ್ನೊಂದು ಕಾಗದ ತರ್ತಿಯೇನು?"

ಆದರೂ ಹೋದೆ. ಬಸ್ಸು ಇಳಿದು ಬಹಳ ನಡೆಯಬೇಕು. ಗೇಟಿನಲ್ಲಿ ನನ್ನ ಹೆಸರು, ಕೆಲಸ ಕೇಳಿದರು. ಕೆಲಸದ ಜಾಗದಲ್ಲಿ ಖಾಲಿ ಬಿಟ್ಟೆ. ಒಳಗೆ ಆ ವಿಜ್ಞಾನಿ ಬಿಳಿಯ ಕೋಟು ಹಾಕಿಕೊಂಡು ಕೂತಿದ್ದರು. ನನಗಿಂತ ಚಿಕ್ಕವರು, ಮುಖದಲ್ಲಿ ನಗು ಕಡಿಮೆ. ಹುಡುಗಿ ತಡವರಿಸದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಫೈಲಿನಿಂದ ಕೋಚಿಂಗಿನವನ ಕಾಗದ ತೆಗೆದು ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಕೇಳಿದರು:

"ಯೇ ಕೌನ್ ಲಾಯಾ?"

"ಮೈಂ ಲಾಯೀ," ತಂದವಳು ನಾನೇ, ಎಂದೆ.

ಯಾಕೆ ಎಂದರು. ನನ್ನ ಕೆಲಸ ಏನು, ನಮ್ಮ ಕಾಗದಗಳಲ್ಲಿ ಖಾಲಿ ವರ್ಷ ಎಂದರೆ ಏನರ್ಥ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, ವಿಜ್ಞಾನದಲ್ಲೂ ಇಷ್ಟು ದಿನ ಅದೇ ಅರ್ಥವಿತ್ತು, ಅದಕ್ಕೇ ಈ ಯೋಜನೆ ಬಂದಿದೆ ಎಂದರು. ತಮಗೂ ಮಗು ಹುಟ್ಟಿದಾಗ ಎರಡು ವರ್ಷ ಹೋಗಿತ್ತಂತೆ. ಆ ಎರಡು ವರ್ಷ ತಮ್ಮ ಕಾಗದದಲ್ಲಿ ಪುಸ್ತಕ ಬರೆಯುತ್ತಿದ್ದೆ ಎಂದಿದೆಯಂತೆ. ಪುಸ್ತಕ ಎಲ್ಲಿ ಎಂದು ಯಾರೂ ಕೇಳಿಲ್ಲವಂತೆ. ಇಷ್ಟು ಹೇಳಿ ಮತ್ತೆ ಮುಖ ಗಂಟಿಕ್ಕಿಕೊಂಡರು. ಪತ್ರ ಕೊಡುತ್ತೇನೆ, ಆದರೆ ಪತ್ರದ ಜೊತೆ ಫೈಲೂ ಹೋಗುತ್ತದೆ, ಅದರಿಂದ ಈ ಕಾಗದ ತೆಗೆಯುವುದಿಲ್ಲ. ಇದು ಸುಳ್ಳು ಎಂದು ತಂದವರೇ ಬರೆದುಕೊಟ್ಟರೆ ಅದನ್ನು ಇದರ ಜೊತೆಗೆ ಇಡುತ್ತೇನೆ. ಸಂದರ್ಶನದಲ್ಲಿ ಕೇಳಿದರೆ ಉತ್ತರ ಹುಡುಗಿಯೇ ಕೊಡಬೇಕು, ನಾನು ಅಡ್ಡ ಬರುವುದಿಲ್ಲ ಎಂದರು. ಮತ್ತೆ, ಆ ನಾಲ್ಕು ವರ್ಷ ಮನೆಯಲ್ಲೇ ಇದ್ದುದಕ್ಕೆ ಪುರಾವೆ ಏನಿದೆ ಎಂದು ಕೇಳಿದರು.

"ಆಸ್ಪತ್ರಿ ಕಾಗದ ಅದಾವು," ಎಂದಳು ಹುಡುಗಿ ನನ್ನ ಕಡೆ ತಿರುಗಿ, ಆಗಷ್ಟೇ ನೆನಪಾದಂತೆ.

ಅತ್ತೆಯನ್ನು ತಿಂಗಳಿಗೆ ಎರಡು ಸಲ ಕರೆದೊಯ್ಯುತ್ತಿದ್ದ ಆಸ್ಪತ್ರೆಯ ಫೈಲು. ಸತ್ತವರ ಕಾಗದ ಮನೆಯಲ್ಲಿ ಇರಬಾರದು ಎಂದು ಅವಳ ಗಂಡ ಎಸೆಯಲು ಹೊರಟಿದ್ದ, ಅದರೊಳಗೆ ಮಗುವಿನ ಲಸಿಕೆಯ ಚೀಟಿ ಸಿಕ್ಕಿಕೊಂಡಿದೆಯೇನೋ ಎಂದು ಇವಳು ತೆಗೆದಿಟ್ಟಿದ್ದಳು. ಮರುದಿನ ಅದನ್ನು ನನ್ನ ಮನೆಯಲ್ಲಿ ಹರಡಿದೆವು. ಪ್ರತಿ ಕಾಗದದ ಕೆಳಗೆ ರೋಗಿಯ ಜೊತೆ ಬಂದವರ ಸಹಿ ಎಂಬ ಜಾಗ. ಪ್ರತಿ ಜಾಗದಲ್ಲಿ ಅವಳ ಹೆಸರು, ತಾರೀಖು. ಮೊದಲ ವರ್ಷ ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದಿದ್ದಳು. ಆಸ್ಪತ್ರೆಯವರು ತಪ್ಪು ತಿಳಿಯುತ್ತಾರೆಂದು ಎರಡನೇ ವರ್ಷ ಬಿಟ್ಟಿದ್ದಳು. ಕೊನೆಯ ವರ್ಷ ಬರೀ ಗೀಚು. ಗಂಡನ ಸಹಿ ಎಷ್ಟಿವೆ ಎಂದು ನಾನು ಹುಡುಕಿದೆ. ಅದರ ಬಗ್ಗೆ ಇಷ್ಟೇ ಸಾಕು.

ನನ್ನ ಪಾಲಿನ ಪತ್ರವನ್ನು ನಾನೇ ಬರೆದೆ, ಕನ್ನಡದಲ್ಲಿ. ಬೇರೆ ಯಾವ ಲಿಪಿಯೂ ನನಗೆ ಬಾರದು. ಆ ಸಂಸ್ಥೆಯ ಆಫೀಸಿನಲ್ಲಿ ರಾಯಚೂರಿನ ಗುಮಾಸ್ತನೊಬ್ಬನಿದ್ದ. ಅವನೇ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿತ್ತು. ಓದಿ ತಲೆ ಕೆರೆದುಕೊಂಡ. ಅದರಲ್ಲಿದ್ದುದು ಇಷ್ಟು: ಈ ಹುಡುಗಿ ಎಲ್ಲಿಯೂ ಕಲಿಸಿಲ್ಲ. ಆ ಕಾಗದ ನಾನು ತಂದದ್ದು. ಅವಳು ಬೇಡ ಅಂದಳು, ನಾನು ಒತ್ತಿದೆ. ಅವಳು ಮನೆಯಲ್ಲಿ ಅತ್ತೆಯನ್ನು ನೋಡಿಕೊಂಡಳು.

"ಅಮ್ಮಾರ, ಭಾಳ ಸಪಾಟ ಆತ್ರಿ. ದಯವಿಟ್ಟು ಮನ್ನಿಸಬೇಕು, ವಿನಂತಿ ಮಾಡ್ಕೋತೀನಿ, ಹಿಂಗೇನರ ಸೇರಿಸ್ರಿ."

"ನಾ ವಿನಂತಿ ಮಾಡಾಕ ಬಂದಿಲ್ಲಪ್ಪಾ. ಸುಳ್ಳ ಹೇಳಿದ್ದೆ ಅಂತ ಹೇಳಾಕ ಬಂದೀನಿ. ಇದ್ದಂಗ ತಿರಿವು."

ಸಂದರ್ಶನ ಲ್ಯಾಪ್‌ಟಾಪಿನಲ್ಲೇ ನಡೆಯಿತು, ನನ್ನ ಮನೆಯ ಮುಂದಿನ ಕೋಣೆಯಲ್ಲಿ. ತೆರೆಯ ಮೇಲೆ ನಾಲ್ಕು ಮುಖ. ನಾನು ಅಡುಗೆಮನೆಯ ಬಾಗಿಲಲ್ಲಿ, ಕುಕ್ಕರ್ ಕೂಗದಂತೆ ಒಲೆ ಆರಿಸಿ ನಿಂತಿದ್ದೆ. ಇಂಗ್ಲಿಷ್ ನನಗೆ ತಿಳಿಯುವುದಿಲ್ಲ. ಏನೇನಾಯಿತು ಎಂದು ಅವಳು ಆಮೇಲೆ ಹೇಳಿದ್ದನ್ನು ಬರೆಯುತ್ತೇನೆ. ಮೊದಲೇ ಒಬ್ಬರು ಆ ಎರಡು ಕಾಗದಗಳನ್ನು ಎತ್ತಿದರು. ಸುಳ್ಳು ಕಾಗದ ಯಾಕೆ ಹಾಕಿದಿ? ಹೆದರಿದ್ದೆ, ಹಾಕಿದೆ, ತಪ್ಪು, ಎಂದಳು. ಹಿರಿಯರ ಒತ್ತಾಯ ಎನ್ನಲಿಲ್ಲ; ಅದು ನನ್ನ ಪತ್ರದಲ್ಲಿ ಇತ್ತಲ್ಲ. ಇನ್ನೊಬ್ಬರು ಕೇಳಿದರು, ಆ ನಾಲ್ಕು ವರ್ಷದಿಂದ ಏನು ಕಲಿತೆ?

ಅಮೀರ್‌ಪೇಟಿನವನು ಇದ್ದಿದ್ದರೆ ತಾಳ್ಮೆ, ನಾಯಕತ್ವ ಎಂದು ಕುಣಿಯುತ್ತಿದ್ದ. ನನ್ನನ್ನು ಕೇಳಿದ್ದರೆ ನಾನೂ ಏನಾದರೂ ಹೊದಿಸುತ್ತಿದ್ದೆ. ಇವಳು ಹೇಳಿದ್ದು: "ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸುವುದನ್ನು ಕಲಿತೆ. ಜೋಳದ ಬಗ್ಗೆ ಏನೂ ಕಲಿಯಲಿಲ್ಲ. ಅದಕ್ಕೇ ಈ ತರಬೇತಿ ಕೇಳುತ್ತಿದ್ದೇನೆ."

ಆಮೇಲೆ ಒಬ್ಬರು ಬೂಷ್ಟಿನ ಮಾತು ತೆಗೆದರು. ಅದು ಮಾತ್ರ ಭಾಷೆ ತಿಳಿಯದ ನನಗೂ ಗೊತ್ತಾಯಿತು. ಅವಳ ಕೈ ಮೇಲೆದ್ದು ಗಾಳಿಯಲ್ಲಿ ತೆನೆ ಬಿಡಿಸತೊಡಗಿತು. ಅರ್ಧ ತಾಸು ಅದೇ ನಡೆಯಿತು.

ಎರಡು ತಿಂಗಳು ಏನೂ ಬರಲಿಲ್ಲ. ಈ ನಡುವೆ ಕೋಚಿಂಗಿನವನಿಗೆ ನನ್ನ ಪತ್ರದ ಸುದ್ದಿ ಹೇಗೋ ಮುಟ್ಟಿತು. ಅವನು ಸುಮ್ಮನಿರುತ್ತಾನೆಯೇ? ಆ ಮುದುಕಿ ಬಯೋಡಾಟಾದಲ್ಲಿ ಇಲ್ಲದ್ದು ಬರೆಸುತ್ತಾಳೆ, ಅವಳೇ ಸಹಿ ಹಾಕಿ ಒಪ್ಪಿಕೊಂಡಿದ್ದಾಳೆ ಎಂದು ನಮ್ಮ ಕಡೆಯವರ ನಡುವೆ ಹಬ್ಬಿಸಿದ. ಹಬ್ಬಿಸಿದ್ದು ಸುಳ್ಳಲ್ಲ, ಅದೇ ಅವನ ಅನುಕೂಲ. ಒಬ್ಬಾಕೆ ಬಂದು ತನ್ನ ಸೊಸೆಯ ಹಳೆಯ ಬಯೋಡಾಟಾ ನನ್ನ ಮುಂದೆ ಹಿಡಿದು, "ಇದರಾಗ ನಿಮ್ಮ ಸಾಲು ಯಾವು, ಆಕಿ ಸಾಲು ಯಾವು, ಗೆರಿ ಹಾಕಿ ಕೊಡ್ರಿ," ಎಂದಳು. ಮದುವೆಯಾಗಿ ಎಂಟು ವರ್ಷ, ಎರಡು ಮಕ್ಕಳು. "ಈಗ ತಿಳ್ಕೊಂಡು ಹೊಳ್ಳಿ ಕಳಸ್ತೀಯೇನು?" ಎಂದೆ. ಗೆರೆ ಹಾಕಿಸಿಕೊಂಡೇ ಹೋದಳು. ಆ ವರ್ಷ ಹೊಸ ಕಾಗದ ತಂದವರು ಕಡಿಮೆ. ನನ್ನಂಥ ಮೊಣಕಾಲು ನೋವಿನವಳಿಗೆ ಅಷ್ಟೇ ಸಾಕಿತ್ತು.

ಅವಳಿಗೆ ನಲವತ್ತು ತುಂಬುವ ಎಂಟು ದಿನ ಮೊದಲು ಆಯ್ಕೆಯ ಪಟ್ಟಿ ಬಂತು. ಅವಳ ಹೆಸರಿತ್ತು. ಸುಳ್ಳು ಕಾಗದದ ಬಗ್ಗೆ ಒಂದು ಎಚ್ಚರಿಕೆಯ ಪತ್ರವೂ ಜೊತೆಗೇ ಬಂತು, ಎರಡೂ ಒಂದೇ ಲಕೋಟೆಯಲ್ಲಿ. ಹಳೆಯ ಗುರುಗಳು ಫೋನಿನಲ್ಲಿ ಕೂಗಿ ಅಭಿನಂದಿಸಿದರು. ಗಂಡ ಸ್ವೀಟ್ ತಂದ. ಎಚ್ಚರಿಕೆಯ ಪತ್ರ ಯಾರ ಹೆಸರಿಗೆ ಬಂದಿದೆ ಎಂದು ನಾನು ಓದಿಸಿ ನೋಡಿದೆ, ಅವಳ ಹೆಸರಿಗೇ. ನನಗೆ ಯಾರೂ ಏನೂ ಬರೆದಿರಲಿಲ್ಲ.

ಕೆಲಸಕ್ಕೆ ಹೋದ ಮೊದಲ ವಾರ ನಾನು ಫೋನು ಮಾಡಿದೆ.

"ಹೆಂಗ ಐತಿ?"

"ಎಲ್ಲಾ ಸಣ್ಣ ಹುಡುಗ್ಯಾರು ದೊಡ್ಡವ್ವಾ. ನಂಗ ಆಂಟಿ ಅಂತಾವು. ಯಂತ್ರ ಕಲಸಾಕ ಇಪ್ಪತ್ಮೂರು ವರ್ಷದಾಕಿನ್ನ ಕೊಟ್ಟಾರ. ಭಾಳ ಬೈತಾಳ."

"ಬೈಯ್ಲಿ. ಫೆಲೋಶಿಪ್ ಬಂತೇನು?"

"ಬರ್ತದಂತ. ಮೂರು ತಿಂಗಳು ತಡಾ ಅಂತ."

"ಮೂರು ವರ್ಷ ಮುಗದ ಮ್ಯಾಲೆ?"

"ಮತ್ತ ಹುಡಕಬೇಕು."

"ಆಗ ನಿಂಗ ನಲವತ್ಮೂರು ದಾಟಿರ್ತದ. ಈಗಿಂದನ..."

"ದೊಡ್ಡವ್ವಾ, ಈಗ ಶುರು ಮಾಡಬ್ಯಾಡ," ಎಂದಳು. ಹಿಂದೆ ಯಾರೋ ಹುಡುಗಿ ತೆಲುಗಿನಲ್ಲಿ ಗದರುತ್ತಿದ್ದಳು. ಯಂತ್ರ ಕೂಗುತ್ತಿದೆ, ಮುಚ್ಚಳ ತೆಗೆಯಬೇಕು ಎಂದು ಹೇಳಿ ಫೋನಿಟ್ಟಳು.